ಬಚ್ಚಲಿನ ತೂಬು

ಮನೆಯಲ್ಲಿ ದೊಡ್ಡ ವಸ್ತುವೊಂದು ಕೆಟ್ಟಾಗಿನ ತೊಂದರೆಗಿಂತ ಸಣ್ಣ ವಸ್ತುವೊಂದು ಕೆಟ್ಟಾಗಿನ ಪಡಿಪಾಟಲು ಕೆಲವೊಮ್ಮೆ ಹೆಚ್ಚಿನದು. ನೀರೆತ್ತುವ ಪಂಪು ಕೆಟ್ಟರೆ ಅದನ್ನು ತಯಾರಿಸಿದವರ ಹೆಸರು, ಅದರ ಅಶ್ವಶಕ್ತಿ ಎಲ್ಲವೂ ಮೈಮೇಲೆಯೇ ಬರೆದಿರುತ್ತವೆ. ಬಚ್ಚಲಿನ ನೀರು ಹೊರಹೋಗುವ ಬಾಯಿಯೊಳಗಿನ ಬಟ್ಟಲು ಒಡೆದರೆ ಅದರ ಮೇಲೆ ಹೆಸರೂ ಇರದು, ಅಳತೆಯೂ ಇರದು. ಅದನ್ನು ಅರಸಿ ಹೋದವರು ಮೂರು ಅಂಗಡಿ ತಿರುಗಿ, ಕೊನೆಗೆ ಮೇಲಿನ ಜಾಲರಿಯೊಂದನ್ನೇ ಕೊಂಡು ಮರಳುವುದು ವಾಡಿಕೆ. ಹೊಸ ಜಾಲರಿ ಹೊಳೆಯುತ್ತದೆ. ಬಚ್ಚಲು ಸರಿಯಾಯಿತೆಂದು ಮನೆಮಂದಿ ಸಮಾಧಾನ ಹೊಂದುತ್ತಾರೆ. ಆದರೆ ಅದು ಸರಿಯಾಗಿರುವುದಿಲ್ಲ. ಏಕೆಂಬುದನ್ನು ವಿವರಿಸುವುದೇ ಈ ತಿಂಗಳ ನಮ್ಮ ಉದ್ದೇಶ.

ನಮ್ಮ ಹಿರಿಯರ ಬಚ್ಚಲಿಗೆ ಈ ಬಟ್ಟಲಿನ ಅಗತ್ಯವಿರಲಿಲ್ಲ. ಹಂಡೆಯ ಒಲೆಯ ಪಕ್ಕದಲ್ಲಿ ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲೊಂದು ಕಂಡಿ. ಮಿಂದ ನೀರು ಆ ಕಂಡಿಯಿಂದ ಹರಿದು ಹಿತ್ತಿಲ ಬಾಳೆಯ ಬುಡವನ್ನು ಸೇರುತ್ತಿತ್ತು. ದಾರಿಯೆಲ್ಲ ಬಯಲಾದುದರಿಂದ ದುರ್ವಾಯು ಕೂಡಿಕೊಳ್ಳಲು ಎಡೆಯೇ ಇರಲಿಲ್ಲ. ನೆಲದಡಿಯ ಕೊಳವೆಯೂ ಅದರ ಕೊನೆಯಲ್ಲಿ ಮಲದ ಗುಂಡಿಯೋ ಊರ ಒಳಚರಂಡಿಯೋ ಬಂದ ಮೇಲೆ ಸ್ಥಿತಿ ಬದಲಾಯಿತು. ನೀರು ಹೊರಹೋಗುವ ದಾರಿಯಲ್ಲಿಯೇ ಗುಂಡಿಯ ವಾಯುವೂ ಜಿರಳೆಗಳೂ ಒಳಬರಬಲ್ಲವಾದವು. ನೀರಿಗೆ ದಾರಿ ಬಿಡಬೇಕು, ಗಾಳಿಗೆ ಬಿಡಬಾರದು. ಈ ಸಮಸ್ಯೆಗೆ ಉತ್ತರವಾಗಿ ಒದಗಿದುದು ನೀರೇ. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಎಂಬಾತನು ಶೌಚದ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ, ಅದಕ್ಕೆ ಪೇಟೆಂಟ್ ಪಡೆದನು. ಇಂದು ಜಗತ್ತಿನ ಬಚ್ಚಲುಗಳೆಲ್ಲ ಅದೇ ಉಪಾಯವನ್ನು ನಂಬಿವೆ.

ನಮ್ಮ ಮನೆಗಳ ನೆಲದಲ್ಲಿ ಆ ಉಪಾಯವು ಬಹುಮಟ್ಟಿಗೆ ಬೇರೊಂದು ರೂಪದಲ್ಲಿದೆ. ಜಾಲರಿಯನ್ನೆತ್ತಿ ನೋಡಿದರೆ ಕೆಳಗೊಂದು ಗುಂಡಿ, ಗುಂಡಿಯ ನಡುವೆ ಮೇಲೆದ್ದು ನಿಂತ ಕೊಳವೆಯ ತುದಿ, ಆ ತುದಿಯ ಮೇಲೆ ಬೋರಲು ಹಾಕಿದ ಒಂದು ಬಟ್ಟಲು ಕಾಣುತ್ತವೆ. ಬಟ್ಟಲಿನ ಅಂಚು ಗುಂಡಿಯ ನೀರಿನಲ್ಲಿ ಮುಳುಗಿರುತ್ತದೆ. ಮಿಂದ ನೀರು ಅಂಚಿನ ಕೆಳಗೆ ನುಸುಳಿ, ಮೇಲೇರಿ, ಕೊಳವೆಗೆ ಬೀಳುತ್ತದೆ. ಕೊಳವೆಯಿಂದ ಏರಿ ಬಂದ ಗಾಳಿಯು ಬಟ್ಟಲಿನೊಳಗೇ ಸೆರೆಯಾಗುತ್ತದೆ. ಎರಡು ಅಂಗುಲ ಆಳದ ನೀರು ಮನೆಯ ಕಾವಲುಗಾರ. ಬಟ್ಟಲು ಅವನ ಕೈಯ ಗುರಾಣಿ. ಜಾಲರಿಯಾದರೋ ಕೂದಲನ್ನೂ ಸೀಗೆಯ ಗಷ್ಟನ್ನೂ ತಡೆಯುವ ಜರಡಿ ಮಾತ್ರ. ಬಟ್ಟಲು ಒಡೆದ ಬಚ್ಚಲಿಗೆ ಎಷ್ಟು ಬೆಲೆಯ ಜಾಲರಿ ಹೊದಿಸಿದರೂ ಗಾಳಿಗೆ ಬಾಗಿಲು ತೆರೆದೇ ಇರುತ್ತದೆ.

ಇದು ಬರಿಯ ದುರ್ವಾಸನೆಯ ಮಾತಲ್ಲ. 2003ರ ಮಾರ್ಚಿಯಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಯಲ್ಲಿ ಸಾರ್ಸ್ ಜ್ವರವು 300ಕ್ಕೂ ಹೆಚ್ಚು ಮಂದಿಗೆ ತಗಲಿತು. ಹಲವರು ಪ್ರಾಣ ಕಳೆದುಕೊಂಡರು. ಅಲ್ಲಿನ ಆರೋಗ್ಯ ಇಲಾಖೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ತನಿಖೆ ನಡೆಸಿದಾಗ, ಸೋಂಕು ಹರಡಿರಬಹುದಾದ ದಾರಿಗಳಲ್ಲಿ ಮುಖ್ಯವಾಗಿ ಕಂಡುಬಂದುದು ಬಚ್ಚಲಿನ ನೆಲದ ತೂಬು. ಅಲ್ಲಿನವರು ನೆಲವನ್ನು ಒರೆಸುತ್ತಿದ್ದರೇ ಹೊರತು ನೀರು ಹೊಯ್ದು ತೊಳೆಯುತ್ತಿರಲಿಲ್ಲವಾದುದರಿಂದ ಅನೇಕ ಮನೆಗಳಲ್ಲಿ ತೂಬಿನ ನೀರು ಆರಿಹೋಗಿತ್ತು. ಬಚ್ಚಲಿನ ಗಾಳಿಯನ್ನು ಹೊರತಳ್ಳುವ ಪಂಖಗಳು ತಿರುಗಿದಾಗ ಕೊಳವೆಯ ಕಲುಷಿತ ಗಾಳಿಯು ತುಂತುರಿನೊಂದಿಗೆ ಮನೆಯೊಳಕ್ಕೆ ಸೆಳೆಯಲ್ಪಟ್ಟಿತು. ಒಂದು ಚೊಂಬು ನೀರಿನ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಹುಡುಕಾಟದ ಮಾತು. ಮೊದಲ ತೊಡಕು ಹೆಸರಿನದು. ಮೆಟ್ಟೂರು, ಕೊಳತ್ತೂರು, ಪೆನ್ನಾಗರದ ಕಡೆಯ ನಮ್ಮ ಮನೆಗಳಲ್ಲಿ ಆಡುವ ಮಾತು ಕನ್ನಡ. ಅಂಗಡಿಯ ಮಾತು ತಮಿಳು. ಸರಕಿನ ಹೆಸರು ಇಂಗ್ಲಿಷು. ‘ಬಚ್ಚಲು’ ಎಂದರೆ ಅಂಗಡಿಯವರಿಗೆ ತಿಳಿಯದು. ನಮ್ಮ ‘ತೂಬು’ ತಮಿಳಿನ ‘ತೂಂಬು’ವಿನ ಒಡಹುಟ್ಟಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಲ್ಲುವ ನಾಣ್ಯವಲ್ಲ. ಅಲ್ಲಿ ಸಲ್ಲುವ ಹೆಸರು ‘ಫ್ಲೋರ್ ಟ್ರ್ಯಾಪ್’ ಅಥವಾ ‘ನಹಾನಿ ಟ್ರ್ಯಾಪ್’. ಎರಡನೆಯದರಲ್ಲಿರುವುದು ಸ್ನಾನದ ಜಾಗಕ್ಕೆ ಮರಾಠಿಯಲ್ಲಿರುವ ‘ನ್ಹಾಣಿ’ ಎಂಬ ಮಾತು. ಬರಿಯ ‘ಜಾಲಿ’ ಎಂದು ಕೇಳಿದರೆ ಮೇಲಿನ ಜಾಲರಿಯನ್ನಷ್ಟೇ ಕೊಡುತ್ತಾರೆ. ಒಳಗಿನ ಬಟ್ಟಲು ಬೇಕೆಂದು ಬಿಡಿಸಿ ಹೇಳುವುದು ಅವಶ್ಯ.

ಎರಡನೆಯ ತೊಡಕು ಅಳತೆಯದು. ಮೆಟ್ಟೂರು ಅಣೆಕಟ್ಟೆಯ ಕೆಲಸದಿಂದ ಬೆಳೆದ ಊರು. 1925ರಲ್ಲಿ ಆರಂಭವಾದ ಕಟ್ಟೆ 1934ರಲ್ಲಿ ಮುಗಿಯಿತು. ಅಂದಿನ ಕಾಲದ ಕಟ್ಟಡಗಳಿಗೆ ಅಂಗುಲದ ಲೆಕ್ಕ, ಎರಕದ ಕಬ್ಬಿಣದ ಕೊಳವೆ. ಮೆಟ್ರಿಕ್ ಅಳತೆಯ ಕಾಯಿದೆ 1956ರಲ್ಲಿ ಬಂದಿತು. ಪಿವಿಸಿಯಂತೂ ನಮ್ಮ ಊರಿನದೇ ಸರಕು. ಮೆಟ್ಟೂರಿನ ಕಾರ್ಖಾನೆಯಲ್ಲಿ ಅದರ ತಯಾರಿಕೆ 1967ರಲ್ಲಿ ಆರಂಭವಾಯಿತು. ಆದರೂ ಹೊಸ ಕೊಳವೆ ಹಳೆಯ ಬಾಯಿಗೆ ಹೊಂದದು. ಎರಕದ ಕಬ್ಬಿಣದ ಕೊಳವೆಯನ್ನು ಹೆಸರಿಸುವುದು ಒಳಗಿನ ಅಗಲದಿಂದ. ಪಿವಿಸಿ ಕೊಳವೆಯನ್ನು ಹೆಸರಿಸುವುದು ಹೊರಗಿನ ಅಗಲದಿಂದ. ಎರಡನ್ನೂ ಕೆಲಸದವರು ನಾಲ್ಕು ಅಂಗುಲದ್ದೆಂದೇ ಕರೆಯುತ್ತಾರೆ. ಆದರೆ ಕಬ್ಬಿಣದ್ದರ ಒಳಗಲ 100 ಮಿಲಿಮೀಟರ್, ಪಿವಿಸಿಯ ಹೊರಗಲ 110 ಮಿಲಿಮೀಟರ್. ಒಂದು ಇನ್ನೊಂದರೊಳಗೆ ಹೋಗುವುದು ಸಾಧ್ಯವಿಲ್ಲ. ‘ನಾಲ್ಕು ಅಂಗುಲ’ ಎಂಬ ಒಂದೇ ಮಾತನ್ನು ನಂಬಿ 50 ಕಿಲೋಮೀಟರ್ ದೂರದ ಸೇಲಂಗೆ ಹೋಗಿ ತಂದ ವಸ್ತು ಮೂಲೆಗೆ ಬೀಳುವುದು ಇದರಿಂದಲೇ.

ಆದುದರಿಂದ ಅಂಗಡಿಗೆ ಹೊರಡುವ ಮುನ್ನ ನಾಲ್ಕು ಅಳತೆಗಳನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು: ಜಾಲರಿ ಕೂರುವ ಚೌಕಟ್ಟಿನ ಒಳಗಲ, ನಡುವಣ ಕೊಳವೆಯ ಹೊರಗಲ, ಗುಂಡಿಯ ಒಳಗಲ, ಗುಂಡಿಯ ತಳದಿಂದ ಜಾಲರಿಯವರೆಗಿನ ಎತ್ತರ. ಬಟ್ಟಲು ಕೊಳವೆಗಿಂತ ಅಗಲವಾಗಿಯೂ ಗುಂಡಿಗಿಂತ ಕಿರಿದಾಗಿಯೂ ಇದ್ದರೆ ಮಾತ್ರ ನೀರಿಗೆ ಎರಡೂ ಕಡೆ ಎಡೆ ದೊರೆಯುತ್ತದೆ. ಒಡೆದ ಬಟ್ಟಲಿನ ಚೂರುಗಳನ್ನು ಎಸೆಯದೆ ಕಾಗದದಲ್ಲಿ ಕಟ್ಟಿಕೊಂಡು ಹೋಗುವುದು ಇನ್ನೂ ಲೇಸು. ಚೂರಿಗೆ ಭಾಷೆಯ ಹಂಗಿಲ್ಲ.

ಬಟ್ಟಲೊಂದೇ ದೊರೆಯದಿದ್ದರೆ ಜಾಲರಿ, ಬಟ್ಟಲು ಸೇರಿದ ಜೊತೆಯನ್ನೇ ಕೊಳ್ಳಬಹುದು. ಅದೂ ಹೊಂದದಿದ್ದರೆ ಮಾತ್ರ ನೆಲ ಅಗೆದು ಹೊಸ ಟ್ರ್ಯಾಪ್ ಕೂರಿಸುವ ವಿಚಾರ. ಹಾಗೆ ಅಗೆಸುವುದಾದರೆ 50 ಮಿಲಿಮೀಟರಿಗೆ ಕಡಮೆಯಿಲ್ಲದಷ್ಟು ನೀರು ನಿಲ್ಲುವಂಥದನ್ನೇ ಆರಿಸಬೇಕು. ಜಾಲರಿ ಸ್ಟೇನ್‌ಲೆಸ್ ಉಕ್ಕಿನದಾದರೆ 304 ಎಂಬ ದರ್ಜೆಯದು ಬಾಳಿಕೆಯದು. 202 ಎಂಬುದರಲ್ಲಿ ನಿಕ್ಕಲ್ ಕಡಮೆ. ಬೆಲೆಯೂ ಕಡಮೆ, ತುಕ್ಕು ಬೇಗ. ಅಯಸ್ಕಾಂತ ಹಿಡಿದು ಇವೆರಡರ ಭೇದವನ್ನು ತಿಳಿಯಲಾಗದು. ಎರಡೂ ಅದಕ್ಕೆ ಅಂಟುವುದಿಲ್ಲವೆಂದೇ ಹೇಳಬೇಕು. 304ರ ಉಕ್ಕನ್ನೂ ಬಚ್ಚಲು ತೊಳೆಯುವ ಆಸಿಡ್ ತಿನ್ನುತ್ತದೆ. ಆ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಟ್ಟಿಗೆ ಸುರಿಯಕೂಡದು. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಾಪಾಯಕಾರಿ.

ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ನೆಂಟರೂರಿಗೆ ಹೋಗುವವರು, ನೆಂಟರಿಗೆಂದು ಕಟ್ಟಿಸಿದ ಬಚ್ಚಲನ್ನು ವರ್ಷವಿಡೀ ಮುಚ್ಚಿಡುವವರು ಮತ್ತೊಂದನ್ನು ನೆನಪಿಡಬೇಕು. ಬಟ್ಟಲು ಗಟ್ಟಿಯಾಗಿದ್ದರೂ ನೀರು ಆರಿದರೆ ಕಾವಲಿಲ್ಲ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹೊಯ್ಯಬೇಕು. ಹಲವು ವಾರ ಊರಲ್ಲಿರದವರು ಹೊರಡುವ ಮುನ್ನ ಆ ನೀರಿನ ಮೇಲೆ ಎರಡು ಚಮಚ ಅಡಿಗೆ ಎಣ್ಣೆ ಬಿಟ್ಟರೆ ಅದು ಆರುವುದು ತಡವಾಗುತ್ತದೆ.

ಕಾವೇರಿಗೆ ಕಟ್ಟಿದ ಕಟ್ಟೆಯ ತೂಬುಗಳನ್ನು ಕಾಯಲು ಎಂಜಿನಿಯರುಗಳಿದ್ದಾರೆ. ಬಚ್ಚಲಿನ ತೂಬಿಗೆ ಅಂಥವರಾರೂ ಇಲ್ಲ. ಅದನ್ನು ಮನೆಯವರೇ ನೋಡಿಕೊಳ್ಳಬೇಕು. ನಮ್ಮ ವಾಚಕರು ಇಂದು ಸಂಜೆಯೇ ಜಾಲರಿಯನ್ನೆತ್ತಿ, ಟಾರ್ಚ್ ಹಿಡಿದು, ಬಟ್ಟಲಿದೆಯೇ, ಅದರ ಅಂಚು ನೀರಿನಲ್ಲಿ ಮುಳುಗಿದೆಯೇ ಎಂದು ಒಮ್ಮೆ ನೋಡಲಿ ಎಂಬುದು ನಮ್ಮ ವಿನಂತಿ. ಮುಳುಗಿದ್ದರೆ ಜಾಲರಿಯನ್ನು ಹಾಗೆಯೇ ಮುಚ್ಚಬಹುದು. ಇಲ್ಲವಾದರೆ ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು.