ಸಹಿ ಹಾಕಿಸಿಕೊಂಡು ಬಂದರೆ ವಕೀಲನಾಗುವುದಿಲ್ಲ

ಕಾನೂನು ಓದುವ ಮಕ್ಕಳು ಈಗ ನಮ್ಮ ಮನೆಗಳಲ್ಲೂ ಕಾಣಸಿಗುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಶಿವಮೊಗ್ಗದ ಸಿ.ಬಿ.ಆರ್. ನ್ಯಾಷನಲ್ ಕಾನೂನು ಕಾಲೇಜಿಗೆ ಭದ್ರಾವತಿಯಿಂದ ದಿನಾ ಬಸ್ಸು ಹತ್ತುವವರಿದ್ದಾರೆ. ಘಟ್ಟ ಹತ್ತಿ ಬಂದ ನಮ್ಮ ಹಿರಿಯರು ಅಂಗಡಿ, ಹೋಟೆಲು, ಮೀನು, ಅಡಿಕೆ ಎಂದು ಬೆವರು ಸುರಿಸಿದವರು. ಕೋರ್ಟಿನ ಮೆಟ್ಟಿಲು ಹತ್ತುವ ಗತಿ ಬಾರದಿರಲಿ ಎಂದೇ ಅವರ ದುಆ ಇತ್ತು. ಮೊಮ್ಮಕ್ಕಳು ಅದೇ ಮೆಟ್ಟಿಲನ್ನು ಕಲಿಯುವುದಕ್ಕಾಗಿ ಹತ್ತುತ್ತಿದ್ದಾರೆ. ಸಂತೋಷವೇ. ಆದರೆ ಇಲ್ಲೊಂದು ಅಡ್ಡದಾರಿ ಕಾಣುತ್ತಿದೆ. ಅದನ್ನು ಹೇಳದೆ ಇರಲಾಗುವುದಿಲ್ಲ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ವಕೀಲರ ಆಫೀಸು, ಕೋರ್ಟು, ಸೇವಾ ಸಂಸ್ಥೆ ಹೀಗೆ ಬೇರೆ ಬೇರೆ ಕಡೆ ಮಾಡಬಹುದು. ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚಿಲ್ಲ. ಡೈರಿ ಬರೆಯಬೇಕು, ಅದಕ್ಕೆ ಮೌಲ್ಯಮಾಪನವೂ ಇದೆ. ಇಷ್ಟೆಲ್ಲ ಇದ್ದೂ ಕೆಲವು ಮನೆಗಳಲ್ಲಿ ಕೇಳಿಬರುವ ಮಾತು ಏನು? "ಗುರ್ತದ ವಕೀಲರಿದ್ದಾರಲ್ಲ, ಒಂದು ಸಹಿ ಹಾಕಿಸಿಕೊಂಡು ಬಾ, ರಜೆಯಲ್ಲಿ ಅಂಗಡಿಯಲ್ಲಿ ಕೂರು." ಹೋಗದ ಆಫೀಸಿಗೆ ಹೋದೆ ಎಂದು ಬರೆಸಿಕೊಳ್ಳುವುದಕ್ಕೆ ನಮ್ಮ ದೀನಿನಲ್ಲಿ ಹೆಸರಿದೆ: ಸುಳ್ಳು ಸಾಕ್ಷಿ. ನಾಳೆ ಕೋರ್ಟಿನಲ್ಲಿ ಸುಳ್ಳು ಸಾಕ್ಷಿಯನ್ನು ಹಿಡಿಯಬೇಕಾದವನು ಅದರಿಂದಲೇ ಶುರು ಮಾಡಿದರೆ ಹೇಗೆ ಮಾರಾಯ್ರೇ?

ನಮಗೆ ಪರಿಚಯದ ಭದ್ರಾವತಿಯ ಒಬ್ಬಳು ಹುಡುಗಿ ಕಳೆದ ರಜೆಯಲ್ಲಿ ಶಿವಮೊಗ್ಗದ ಒಂದು ವಕೀಲರ ಆಫೀಸಿನಲ್ಲಿ ನಾಲ್ಕು ವಾರ ನಿಜವಾಗಿಯೇ ಕೂತಳು. ಮೊದಲ ನಾಲ್ಕೈದು ದಿನ ಜೆರಾಕ್ಸು, ಪುಟಗಳಿಗೆ ನಂಬರು ಹಾಕುವುದು, ಫೈಲಿಗೆ ದಾರ ಕಟ್ಟುವುದು. "ಇದಕ್ಕಾ ಓದಿಸಿದ್ದು?" ಎಂದು ಬಾಪ ಗೊಣಗಿದರಂತೆ. ಆಮೇಲೆ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಅಂದಿನ ಕೇಸುಗಳ ಪಟ್ಟಿ ನೋಡುವುದು, ಮುಂದಿನ ತಾರೀಕು ಬರೆದುಕೊಳ್ಳುವುದು, ನಕಲು ಪ್ರತಿಗೆ ಅರ್ಜಿ ಹಾಕುವುದು ಕಲಿತಳು. ಕಕ್ಷಿದಾರರು ಬಂದು ಮಾತಾಡುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಪುಸ್ತಕದಲ್ಲಿ ಸೆಕ್ಷನ್ನಿಗೆ ನಂಬರು ಮಾತ್ರ ಇರುತ್ತದೆ, ಅಲ್ಲಿ ಅದಕ್ಕೊಂದು ಮುಖ ಇತ್ತು ಎಂದಳು.

ಅವಳು ಹೇಳಿದ್ದರಲ್ಲಿ ನಮ್ಮ ಮನಸ್ಸಿಗೆ ನಾಟಿದ್ದು ಇನ್ನೊಂದು. ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿ ಕಾಗದವೇ ಇರಲಿಲ್ಲ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು, ನಂಬಿಕೆಯ ಮೇಲೆ ಕೊಟ್ಟ ಸಾಲ, ಮಹ್ರ್ ಎಷ್ಟೆಂದು ಸರಿಯಾಗಿ ಬರೆಯದ ನಿಕಾಹ್ ದಾಖಲೆ. ಸಾಕ್ಷಿ ಹೇಳಬೇಕಾದವರು "ನಮಗ್ಯಾಕೆ ರಗಳೆ" ಎಂದು ಬರುವುದಿಲ್ಲ. ಕೇಸು ಮುಂದಕ್ಕೆ ಹೋಗುತ್ತದೆ. ಕುರ್‌ಆನಿನ ಅತಿ ದೀರ್ಘವಾದ ಆಯತ್ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿ, ಅಲ್‌ಬಖರದ 282 ಎಂದು ಥಟ್ಟನೆ ಹೇಳುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು, ಕರೆದಾಗ ಸಾಕ್ಷಿಗಳು ಹಿಂಜರಿಯಬಾರದು ಎಂಬುದೇ ಅದರ ವಿಷಯ. ಬಾಯಿಪಾಠ ಮಾಡುವವರು ನಾವು, ಕಾಗದ ಇಲ್ಲದೆ ಕೋರ್ಟಿಗೆ ಹೋಗುವವರೂ ನಾವು.

ಆ ಕೇಸು ಯಾರ ಮನೆಯದ್ದು ಎಂದು ನೆಂಟರು ಕೆದಕಿದಾಗ ಹುಡುಗಿ ಬಾಯಿ ಬಿಡಲಿಲ್ಲ. ಮದುವೆ ಮನೆಯಲ್ಲಿ ಎಲ್ಲರ ಸುದ್ದಿ ಎಲ್ಲರಿಗೂ ಗೊತ್ತಾಗುವ ನಮ್ಮ ನಡುವೆ ಇದು ಸಣ್ಣ ಸಂಗತಿಯಲ್ಲ. ಕಕ್ಷಿದಾರನ ಗುಟ್ಟು ಅಮಾನತ್ತು. ಹೆಣ್ಣುಮಕ್ಕಳನ್ನು ಅಂಥ ಆಫೀಸಿಗೆ ಕಳಿಸುವುದು ಹೇಗೆ ಎಂದು ಕೇಳುವವರು ಇನ್ನೊಂದನ್ನೂ ಯೋಚಿಸಬೇಕು. ಗಂಡ ಬಿಟ್ಟುಹೋದ ನಮ್ಮ ಹೆಣ್ಣುಮಗಳೊಬ್ಬಳು ತನ್ನ ಕಷ್ಟವನ್ನು ಯಾರ ಮುಂದೆ ಬಿಚ್ಚಿ ಹೇಳಬೇಕು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಯಾವುದೇ ಮಹಿಳೆಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಕಾರ್ಖಾನೆ ಕಾರ್ಮಿಕರಿಗೂ ಇದೆ; ಎಂಪಿಎಂ ಬಾಗಿಲು ಹಾಕಿದ್ದನ್ನು ಕಂಡ ಭದ್ರಾವತಿಯವರಿಗೆ ಇದು ಗೊತ್ತಿರಬೇಕು. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇದು ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು? ಇಂಟರ್ನ್‌ಶಿಪ್ಪಿಗೆ ಹೋದ ಹುಡುಗಿಯಿಂದಲೇ ಅವಳ ಓಣಿಗೆ ಗೊತ್ತಾದದ್ದು.

ಖರ್ಚಿನ ಮಾತೂ ಇದೆ. ಇಂಟರ್ನ್‌ಗಳಿಗೆ ಹೆಚ್ಚಿನ ಆಫೀಸುಗಳಲ್ಲಿ ಒಂದು ಪೈಸೆ ಕೊಡುವುದಿಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಬಿಳಿ ಬಟ್ಟೆ, ಕರಿ ಕೋಟು ಎಲ್ಲ ಕೈಯಿಂದಲೇ. ಪೂರ್ತಿ ಉಡುಪು ಹೊಂದಿಸಲಾಗದವರಿಗೆ ನಿಯಮದಲ್ಲೇ ಸ್ವಲ್ಪ ರಿಯಾಯಿತಿ ಇದೆ, ಕೋಟಿಲ್ಲವೆಂದು ಯಾರೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ಮದುವೆ ಹಾಲಿನ ಒಂದು ಸಂಜೆಯ ದೀಪಾಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಹತ್ತು ಮಕ್ಕಳ ನಾಲ್ಕು ವಾರದ ಬಸ್ಸು, ಊಟ ಮುಗಿಯುತ್ತದೆ. ಜಮಾಅತ್ ಕಮಿಟಿಗಳು ಇದನ್ನು ಮುಂದಿನ ಮೀಟಿಂಗಿನಲ್ಲೇ ಎತ್ತಿಕೊಳ್ಳಲಿ.

ನಮ್ಮ ವಕೀಲರಲ್ಲೂ ಒಂದು ಕೋರಿಕೆ. ಬಂದ ಮಗುವಿಗೆ ಬರೀ ಜೆರಾಕ್ಸ್ ಮಾಡಿಸಿ ಕಳಿಸಬೇಡಿ, ಬಾರದ ಮಗುವಿಗೆ ಸಹಿ ಹಾಕಿ ಕೊಡಬೇಡಿ, ಅವನ ಬಾಪ ನಿಮ್ಮ ಎಷ್ಟೇ ಹಳೆಯ ಗೆಳೆಯರಾಗಿರಲಿ. ಶಿವಮೊಗ್ಗ, ಭದ್ರಾವತಿಯಲ್ಲಿ ಒಬ್ಬಿಬ್ಬರನ್ನಾದರೂ ಕಲಿಸಿಕೊಡಲು ತಯಾರಿರುವವರು ತಮ್ಮ ಹೆಸರನ್ನು ಮುಂದಿನ ರಜೆಗೆ ಮೊದಲು ಮೊಹಲ್ಲಾದ ಮಸೀದಿ ಕಮಿಟಿಗೆ ಕೊಡಲಿ. ಖತೀಬರು ಜುಮಾದ ದಿನ ಅದನ್ನು ಓದಿ ಹೇಳಿದರೆ ಸಾಕು, ಮಕ್ಕಳು ತಾವೇ ಬರುತ್ತಾರೆ.