ಕಡಕ್ ಅಂದ್ರ ನಶಾ ಅಲ್ರೀ

ಮೊದ್ಲೇ ಹೇಳಿಬಿಡ್ತೀನ್ರಿ. ಇದು ಕುಡೀರಿ ಅಂತ ಹೇಳೋ ಬರಹ ಅಲ್ಲ. ಕುಡೀದವ್ರು ಹಂಗ ಇರ್ರಿ, ಅದರಷ್ಟು ಛಲೋ ಯಾವುದೂ ಇಲ್ಲ. ಆದ್ರ ಎಷ್ಟೋ ಮನ್ಯಾಗ ಬಿಯರ್ ಆಗ್ಲೇ ಬಂದು ಕೂತದ. ಫ್ರಿಜ್ಜಿನ್ಯಾಗ ಮೊಸರಿನ ಪಾತೇಲಿ ಹಿಂದ ಬಾಟ್ಲಿ ಅಡ್ಡ ಮಲಗಿರ್ತದ. ಅದನ್ನ ಕಂಡೂ ಕಾಣದವ್ರಂಗ ಇರೋದು ನಮ್ಮ ಕೆಲಸ, ತೆಗೆದು ಕುಡಿಯೋದು ಗಂಡಸರ ಕೆಲಸ, ರಾತ್ರಿ ಹನ್ನೊಂದಕ್ಕ ಅನ್ನ ಬಿಸಿ ಮಾಡೋದು ಮತ್ತ ನಮ್ಮ ಕೆಲಸ. ಈ ವ್ಯವಸ್ಥಾದ ಮ್ಯಾಲ ನನ್ನ ತಕರಾರದ.

ತಕರಾರು ಶುರುವಾಗೋದು "ಸ್ಟ್ರಾಂಗ್" ಅನ್ನೋ ಶಬ್ದದಿಂದ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಾಗ 5% ಮ್ಯಾಲ 8% ತನಕ ಆಲ್ಕೊಹಾಲ್ ಇದ್ದ ಬಿಯರಿಗೆ ಸ್ಟ್ರಾಂಗ್ ಅಂತಾರ. ರುಚಿ ಸುದ್ದಿ ಅದರಾಗಿಲ್ಲ. ಹಿಂಗಾಗಿ ನಮ್ಮಲ್ಲಿ ಸ್ಟ್ರಾಂಗ್ ಅಂದ್ರ "ಲಗೂನ ಏರ್ತದ" ಅನ್ನೋದೊಂದೇ ಅರ್ಥ. ಅದೇ ನಾವು ಚಹಾ ಕಡಕ್ ಮಾಡವ್ವಾ ಅಂದ್ರ ಏನರ್ಥ? ಪುಡಿ ಜಾಸ್ತಿ ಬೀಳ್ಲಿ, ಬಣ್ಣ ಬರ್ಲಿ, ವಾಸನಿ ಬರ್ಲಿ ಅಂತ. ಚಹಾಕ್ಕ ಇರೋ ಮರ್ಯಾದಿ ಬಿಯರಿಗೆ ಯಾಕಿಲ್ಲ?

ಮಗಳು ಅಳಿಯ ಬೆಲ್ಜಿಯಮ್‌ದಾಗ ಇರ್ತಾರ. ಅವ್ರ ಕಡೆ ಹೋದಾಗ ಕಡಕ್ ಕಪ್ಪು ಬಿಯರ್ ಹೆಂಗ ಕುಡೀತಾರ ಅಂತ ಕಣ್ಣಾರೆ ನೋಡೀನಿ, ನಾಲಿಗಿಗೆ ಹಚ್ಚಿನೂ ನೋಡೀನಿ. ಮುಚ್ಚಿಡೋದೇನಿಲ್ಲ. ಆ ದೇಶದಾಗ ಟ್ರಾಪಿಸ್ಟ್ ಅನ್ನೋ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಗಳದಾವ. ರೋಶಫೋರ್, ಶಿಮೇ, ವೆಸ್ಟ್‌ಫ್ಲೆಟರೆನ್ ಅಂತ ಹೆಸರು. ಮಠದ ಗ್ವಾಡಿ ಒಳಗ ಬಿಯರ್ ತಯಾರಾಗ್ತದ. ಶಿಮೇದ ಬ್ಲೂ ಅನ್ನೋದು 9%, ವೆಸ್ಟ್‌ಫ್ಲೆಟರೆನ್ 12 ಅನ್ನೋದು 10.2%, ರೋಶಫೋರ್ 10 ಅನ್ನೋದು 11.3%. ಹೆಸರಿನ ಮುಂದಿನ 10, 12 ಆಲ್ಕೊಹಾಲಿನ ಲೆಕ್ಕ ಅಲ್ಲ, ಕುದಿಸಿದ ರಸ ಎಷ್ಟು ಗಟ್ಟಿ ಇತ್ತು ಅನ್ನೋ ಹಳೇ ಅಳತಿ. ನೋಡ್ರಿ, ಹೆಸರಿಡೋವಾಗ್ಲೂ ಅವ್ರು ನಶಾದ ಲೆಕ್ಕ ಹಾಕಿಲ್ಲ, ಪಾಕದ ಲೆಕ್ಕ ಹಾಕ್ಯಾರ.

ಕಪ್ಪು ಬಣ್ಣ ಎಲ್ಲಿಂದ ಬಂತು ಅಂತ ನಮಗ ಯಾರೂ ಕಲಿಸಬೇಕಾಗಿಲ್ಲ. ನಾವು ರಾಗಿ ಮೊಳಕಿ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡ್ತೀವಲ್ಲ, ಅವ್ರು ಬಾರ್ಲಿಗೆ, ಅಂದ್ರ ಜವೆಗೋಧಿಗೆ, ಅದನ್ನೇ ಮಾಡ್ತಾರ. ಮೊಳಕಿ ಬಂದದ್ದನ್ನ ಒಣಗಿಸಿದ್ರ ಅದು ಮಾಲ್ಟ್. ಅದನ್ನೇ ಕಾಫಿ ಬೀಜದಂಗ ಕಪ್ಪಗ ಹುರಿದ್ರ ಇಂಗ್ಲಂಡಿನ ಸ್ಟೌಟಿಗೆ ಬೇಕಾದ ಬಣ್ಣ ಮತ್ತ ಕಹಿ ಬರ್ತದ. ಬೆಲ್ಜಿಯಮ್‌ದವ್ರು ಹುರಿದದ್ದು ಕಡಿಮಿ ಹಾಕಿ, ಸಕ್ಕರಿ ಕಂದು ಆಗೋತನಕ ಕಾಸಿದ ಪಾಕ ಹಾಕ್ತಾರ. ಅದಕ್ಕ ಅದರಾಗ ಒಣದ್ರಾಕ್ಷಿ, ಅಂಜೂರ, ಬೆಲ್ಲದ ವಾಸನಿ. 18ನೇ ಶತಮಾನದಾಗ ಲಂಡನ್ನಿನಿಂದ ರಷ್ಯಾದ ರಾಣಿ ಕ್ಯಾಥರೀನಳ ಆಸ್ಥಾನಕ್ಕ ಇಂಥಾ ಕಡಕ್ ಸ್ಟೌಟ್ ಹೋಗ್ತಿತ್ತು. ಅದಕ್ಕ ಇವತ್ತಿಗೂ ಇಂಪೀರಿಯಲ್ ಸ್ಟೌಟ್ ಅಂತ ಕರೀತಾರ. ಇವೆಲ್ಲಾ ಹುರಿಯೋದು, ಕಾಸೋದು, ಹದ ನೋಡೋದು. ಅಂದ್ರ ಅಡಗಿ ಮನಿ ವಿದ್ಯಾ.

ಹಂಗಿದ್ರೂ "ಇದರಾಗ ನಿಮಗೇನು ಕೆಲಸ?" ಅಂತ ಕೇಳೋರದಾರ. ನಂಗ ಕೆಲಸ ಅದರೀ. ಮೆಂತೆ ಎಷ್ಟು ಹುರಿದ್ರ ಕಹಿ, ಎಷ್ಟು ಹುರಿದ್ರ ಘಮ ಅಂತ ಗೊತ್ತಿದ್ದವ್ಳಿಗೆ ಸ್ಟೌಟಿನ ಹದ ತಿಳೀದಂಗಿರ್ತದೇನು? ಮೂಸಿ ನೋಡಬೇಕು, ಒಂದು ಸಣ್ಣ ಗುಟುಕು ಬಾಯಾಗ ಹಿಡೀಬೇಕು, ಒಂದು ತುತ್ತು ತಿನ್ನಬೇಕು, ಮತ್ತ ಒಂದು ಗುಟುಕು. ಎರಡನೇ ಗುಟುಕು ಮೊದಲನೇದಕ್ಕಿಂತ ರುಚಿ ಆದ್ರ ಜೋಡಿ ಕೂಡಿತು, ಸಪ್ಪಗೋ ಹುಳಿಯೋ ಆದ್ರ ಕೂಡಲಿಲ್ಲ. ಇದಕ್ಕ ಡಿಗ್ರಿ ಬ್ಯಾಡ.

"ಜೋಡಿ ಗೀಡಿ ಎಲ್ಲಾ ಶ್ರೀಮಂತರ ಚಟ" ಅನ್ನೋರಿಗೆ ಒಂದು ಪ್ರಶ್ನೆ. ಹೋಳಿಗಿ ಜೋಡಿ ಕಟ್ಟಿನ ಸಾರು ಇಟ್ಟವ್ರು ಯಾರು? ಖಡಕ್ ರೊಟ್ಟಿಗೆ ಗುರೆಳ್ಳ ಹಿಂಡಿ, ಅದರ ಮ್ಯಾಲ ಮೊಸರು ಅಂತ ಕಂಡುಹಿಡಿದವ್ರು ಯಾರು? ಬಡವರ ಮನಿ ಹೆಣ್ಮಕ್ಕಳು. ಸಿಹಿ ಜೋಡಿ ಹುಳಿ-ಖಾರ, ಒಣದರ ಜೋಡಿ ತಂಪು. ನಮಗಿದು ಹೊಸದಲ್ಲ.

ಇನ್ನ ಖಾರದ ಸುದ್ದಿಗೆ ಬರ್ತೀನಿ. ಬೆಂಗಳೂರಾಗ ಈಗ ಅಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸೋ ಮೈಕ್ರೊಬ್ರೂವರಿ ಭಾಳ ಆಗ್ಯಾವ. ಸ್ಟೌಟೂ ಮಾಡ್ತಾರ, ಛಲೋನೂ ಮಾಡ್ತಾರ. ಆದ್ರ ಪಕ್ಕಕ್ಕ ಏನಿಡ್ತಾರ? ಮೆಣಸಿನಕಾಯಿ ಹಚ್ಚಿ ಕರಿದದ್ದು, ಮ್ಯಾಲ ಮತ್ತಿಷ್ಟು ಖಾರಪುಡಿ ಉದುರಿಸಿದ್ದು. "ಖಾರ ಇಲ್ದ ಬಿಯರ್ ಇಳಿಯೂದಿಲ್ಲ" ಅಂತಾರ. ಇದು ತಪ್ಪು. ಬಾಯಾಗ ಉರಿ ತಿಳಿಸೋ ನರಗಳನ್ನ ಆಲ್ಕೊಹಾಲ್ ಇನ್ನಷ್ಟು ಎಬ್ಬಸ್ತದ. ಕಡಕ್ ಬಿಯರಿನಾಗ ಅದು ಜಾಸ್ತಿ, ಸ್ಟೌಟಿನಾಗ ಹುರಿದ ಕಹಿ ಬ್ಯಾರೆ. ಖಾರಕ್ಕ ಅದು ಎಣ್ಣಿ ಹೊಯ್ದಂಗ. ಉರಿ ತಡೀದ ಗಟಗಟ ಕುಡೀತಾರ, ಕುಡಿದ್ರ ಉರಿ ಮತ್ತ ಏರ್ತದ, ಇನ್ನೊಂದು ಗ್ಲಾಸ್ ಬರ್ತದ. ಅಂಗಡಿಯವ್ರಿಗೆ ಛಲೋ, ರುಚಿಗೂ ಕೆಟ್ಟದ್ದು, ಕುಡಿದವ್ರಿಗೂ ಕೆಟ್ಟದ್ದು.

ಬೆಲ್ಜಿಯಮ್‌ದಾಗ ಇದರ ಜೋಡಿ ಚೀಸ್ ತುಣುಕು, ಸ್ವಲ್ಪ ಸಾಸಿವಿ ಚಟ್ನಿ ಇಡ್ತಾರ. ಶಿಮೇ ಮಠದವ್ರ ಹೆಸರಿನಾಗ ಚೀಸೂ ತಯಾರಾಗ್ತದ, ಅದರಾಗ ಒಂದನ್ನ ಅವ್ರ ಬಿಯರಿನಾಗ ತೊಳೆದು ಮಾಗಸ್ತಾರ. ಉಪ್ಪು ಮತ್ತ ಕೊಬ್ಬು ಕಹಿಯನ್ನ ಮೆತ್ತಗ ಮಾಡ್ತಾವ, ಬಿಯರಿನ ಗುಳ್ಳಿ ನಾಲಿಗಿ ಮ್ಯಾಲಿನ ಜಿಡ್ಡು ತೊಳೀತಾವ. ಕೆಲಸ ಇಷ್ಟ.

ನಮ್ಮ ಅಡಗ್ಯಾಗ ಇದಕ್ಕ ಏನದ ಅಂತ ಮಗಳ ಮನ್ಯಾಗ ನೋಡೀನಿ. ಇಲ್ಲಿಂದ ಒಯ್ದ ಕರದಂಟು ರೋಶಫೋರ್ ಜೋಡಿ ಹೇಳಿ ಮಾಡಿಸಿದಂಗ ಕೂಡಿತು. ಬೆಲ್ಲ, ಒಣಕೊಬ್ಬರಿ, ಅಂಜೂರ ಅದರಾಗೂ ಅದ, ಇದರಾಗೂ ಅದರ ವಾಸನಿ ಅದ. ಅಲ್ಲೇ ಹಾಲು ಕಾಸಿ ಕುಂದಾ ಮಾಡಿದ್ದೆ. ಅದಕ್ಕ ಸ್ಟೌಟ್ ಛಲೋ, ಯಾಕಂದ್ರ ಕಂದು ಆದ ಹಾಲಿಗೆ ಹುರಿದ ಕಹಿ ಬೇಕು. ಆದ್ರ ಕುಂದಾಕ್ಕ ಸಕ್ಕರಿ ಕಡಿಮಿ ಹಾಕಬೇಕು. ತಿನ್ನೋದು ಬಿಯರಿಗಿಂತ ಭಾಳ ಸಿಹಿ ಆದ್ರ ಬಿಯರ್ ನೀರ್ನೀರು, ಹುಳಿಹುಳಿ ಅನಸ್ತದ. ಖಾರ ಕಡಿಮಿ ಇಟ್ಟ ಎಣ್ಣೆಗಾಯಿ ಬದನಿಕಾಯಿ 7%ದ ಕಂದು ಬಿಯರಿಗೆ ಸರಿ, ಶೇಂಗಾ-ಎಳ್ಳು ಹುರಿದ ಮಸಾಲಿ ಅದಕ್ಕ ಹೊಂದ್ತದ. ಮಿರ್ಚಿ ಭಜಿ ಮಾತ್ರ ಸಾಧ್ಯನೇ ಇಲ್ಲ. ಅದಕ್ಕ ಚಹಾನೇ ಗಂಡ.

"ಬಿಯರ್ ಅಂದ್ರ ಕೊರೀಬೇಕು" ಅನ್ನೋದು ಇನ್ನೊಂದು ಹಟ. ತಿಳಿ ಬಿಯರಿಗೆ ಆ ಮಾತು ಖರೆ. ಕಪ್ಪು ಕಡಕ್ ಬಿಯರನ್ನ ಬರ್ಫದಂಗ ಮಾಡಿದ್ರ ವಾಸನಿ ಎಲ್ಲಾ ಮಲಗಿಬಿಡ್ತದ. ಹಾಸಿಗಿ ಹಿಡಿದ ಹಾಡುಗಾರನ್ನ ಕರೆದು ಹಾಡು ಅಂದಂಗ. 12 ಡಿಗ್ರಿ ಆಸುಪಾಸು ಇದ್ರ ಬಾಯಿ ತೆರೀತದ. ಫ್ರಿಜ್ಜಿನಿಂದ ಮೊದ್ಲೇ ತೆಗೆದಿಟ್ಟು, ಅಗಲ ಬಾಯಿ ಗ್ಲಾಸಿನ್ಯಾಗ ನಿಧಾನ ಹಾಕಿ, ತಳದ ಗಸಿ ಬಾಟ್ಲ್ಯಾಗ ಬಿಡಬೇಕು.

ಈಗ ಲೆಕ್ಕ. 11.3%ದ 330 ಮಿಲಿ ಸಣ್ಣ ಬಾಟ್ಲ್ಯಾಗ 37 ಮಿಲಿ ಶುದ್ಧ ಆಲ್ಕೊಹಾಲ್ ಇರ್ತದ. ನಮ್ಮ ಕಡೆ ಸಿಗೋ 650 ಮಿಲಿ ದೊಡ್ಡ ಬಾಟ್ಲಿ, 5%ದ್ದು, ಅದರಾಗ 32.5 ಮಿಲಿ. 42.8%ದ ವಿಸ್ಕಿ 60 ಮಿಲಿ ಪೆಗ್ಗಿನ್ಯಾಗ ಸುಮಾರು 26 ಮಿಲಿ. ಅಂದ್ರ ಆ ಸಣ್ಣ ಬಾಟ್ಲಿ ದೊಡ್ಡ ಬಾಟ್ಲಿಗಿಂತ ಜೋರು, ಪೆಗ್ಗಿಗಿಂತನೂ ಜೋರು. "ಬಿಯರ್ ತಾನ" ಅಂತ ಎರಡು ಇಳಿಸಿದವ್ರು ಮೂರು ಪೆಗ್ಗಿನ ಹತ್ರ ಕುಡಿದಂಗ. ಖಾಲಿ ಹೊಟ್ಯಾಗ ಕುಡಿದ್ರ ಅದು ರಕ್ತಕ್ಕ ಲಗೂ ಏರ್ತದ, ಹೊಟ್ಯಾಗ ಊಟ ಇದ್ರ ನಿಧಾನ ಆಗ್ತದ. ನಿಧಾನ ಆಗ್ತದ ಅಷ್ಟ, ಕಡಿಮಿ ಕುಡಿದಂಗ ಆಗೂದಿಲ್ಲ. ಗಾಡಿ ಹೊಡ್ಯಾವ್ರಿಗೆ, ಬಸುರಿ ಹೆಣ್ಮಕ್ಕಳಿಗೆ, ಗುಳಿಗಿ ನುಂಗೋರಿಗೆ, ಬಿಟ್ಟೇನಂದ್ರೂ ಬಿಡಲಿಕ್ಕೆ ಆಗದವ್ರಿಗೆ ಈ ಬರಹದಾಗ ಒಂದು ಗುಟುಕೂ ಇಲ್ಲ.

"ರುಚಿ ರುಚಿ ಅಂತ ಹೇಳಿ ಕುಡಿತಕ್ಕ ಮರ್ಯಾದಿ ತಂದುಕೊಡ್ತೀರಿ" ಅಂತ ಕೆಲವು ಅಕ್ಕಾರು ಬೈಬಹುದು. ಅವ್ರ ಸಿಟ್ಟು ನಂಗ ತಿಳೀತದ, ಕುಡಿತದಿಂದ ಸುಟ್ಟ ಮನಿ ನಾನೂ ನೋಡೀನಿ. ಆದ್ರ ಆ ಮನ್ಯಾಗ ಯಾರೂ ರುಚಿ ನೋಡಿ ಕುಡೀತಿರಲಿಲ್ಲರೀ. ಕತ್ತಲಾಗ, ಒಬ್ಬರ, ಹಸಿದ ಹೊಟ್ಯಾಗ, ಬೇಗ ಏರ್ಲಿ ಅಂತ ಕುಡೀತಿದ್ರು. ಬಾಟ್ಲಿಯನ್ನ ಮೊಸರಿನ ಹಿಂದಿಂದ ಊಟದ ಮುಂದ ತಂದಿಟ್ರ ಎಷ್ಟು ಕುಡದ್ರು ಅಂತ ಎಲ್ಲರಿಗೂ ಕಾಣ್ತದ. ಒಂದು ಬಾಟ್ಲಿ ಮೂರು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ 110 ಮಿಲಿ ಬರ್ತದ, ಒಂದು ತುಣುಕು ಕರದಂಟಿಗೆ ಅಷ್ಟು ಸಾಕು. ಅಷ್ಟರಾಗ ಸಾಕಾಗೂದಿಲ್ಲ ಅನ್ನೋರಿಗೆ ಬೇಕಾಗಿದ್ದು ರುಚಿ ಅಲ್ಲ, ಅದನ್ನ ಅವ್ರು ಬಾಯಿಬಿಟ್ಟು ಒಪ್ಪಲಿ.

ನನ್ನ ಮನಿ ನಿಯಮ ಹಿಂಗದ. ತಾಟು ಮೊದ್ಲು, ಗ್ಲಾಸು ಆಮ್ಯಾಲ, ಒಂದು ಬಾಟ್ಲಿ ಎಲ್ಲರಿಗೂ ಸೇರಿ. ಒಪ್ಪಿಗಿ ಇಲ್ದವ್ರು ಹನ್ನೊಂದು ಗಂಟೇಕ್ಕ ತಮ್ಮ ಅನ್ನ ತಾವ ಬಿಸಿ ಮಾಡ್ಕೋಬೇಕು.