ವಾರ್ಡಿನ ವರದಿ ವರ್ತಕರಿಗೂ ಸಲ್ಲಲಿ

ನಗರಸಭಾ ಸದಸ್ಯರೆಂದರೆ ಬೀದಿದೀಪ ಕೆಟ್ಟಾಗ, ನಲ್ಲಿಯಲ್ಲಿ ನೀರು ನಿಂತಾಗ ನೆನಪಾಗುವವರು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ, ಮಳಿಗೆಗಳ ಹರಾಜು, ಕಸ ವಿಲೇವಾರಿ, ವಾಹನ ನಿಲುಗಡೆ, ಶುಕ್ರವಾರದ ಸಂತೆಯ ವ್ಯವಸ್ಥೆ ಇವೆಲ್ಲವೂ ನಗರಸಭೆಯ ಕಾರ್ಯವ್ಯಾಪ್ತಿಗೆ ಸೇರಿದವು. ಇವುಗಳಲ್ಲಿ ವರ್ತಕರ ಲಾಭನಷ್ಟಕ್ಕೆ ಸಂಬಂಧಿಸದ ವಿಷಯ ಒಂದೂ ಇಲ್ಲ. ಹೀಗಿದ್ದರೂ ತೀರ್ಮಾನದ ಸುದ್ದಿ ನಮ್ಮನ್ನು ತಲುಪುವುದು ಬಹುಪಾಲು ನೋಟಿಸಿನ ರೂಪದಲ್ಲಿ. ಪ್ರತಿ ವಾರ್ಡಿನ ಸದಸ್ಯರೂ ತಿಂಗಳಿಗೊಮ್ಮೆ ತಮ್ಮ ವಾರ್ಡಿನ ಕಾರ್ಯಕಲಾಪಗಳ ಲಿಖಿತ ವರದಿಯನ್ನು ಜನರ ಮುಂದಿಡುವ ಪದ್ಧತಿ ಆರಂಭವಾಗಬೇಕೆಂಬುದು ಈ ಲೇಖನದ ಆಗ್ರಹ.

ಚುನಾಯಿತ ಪ್ರತಿನಿಧಿಗಳಿಲ್ಲದ ಸ್ಥಳೀಯ ಆಡಳಿತ ಹೇಗಿರುತ್ತದೆ ಎಂಬುದು ಕೊಡಗಿನ ಪಟ್ಟಣಗಳಿಗೆ ತಿಳಿಯದ ಸಂಗತಿಯೇನಲ್ಲ. 2021ರ ಏಪ್ರಿಲ್‌ನಲ್ಲಿ ಮಡಿಕೇರಿಯ 23 ವಾರ್ಡುಗಳಿಗೆ ಚುನಾವಣೆ ನಡೆಯುವುದಕ್ಕೆ ಮುನ್ನ ನಗರಸಭೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಕುಶಾಲನಗರ, ವಿರಾಜಪೇಟೆ ಮತ್ತು ಸೋಮವಾರಪೇಟೆಗಳಲ್ಲಿ 2018ರಲ್ಲೇ ಸದಸ್ಯರು ಆಯ್ಕೆಯಾದರೂ, ಅಧ್ಯಕ್ಷ ಸ್ಥಾನದ ಮೀಸಲಾತಿ ಕುರಿತ ವ್ಯಾಜ್ಯದಿಂದಾಗಿ ರಾಜ್ಯದ ಇತರ ಪಟ್ಟಣಗಳಂತೆ ಅಲ್ಲಿಯೂ 2020ರ ಕೊನೆಯ ತಿಂಗಳುಗಳವರೆಗೆ ಆಡಳಿತ ಮಂಡಳಿ ರಚನೆಯಾಗಲಿಲ್ಲ. 2018ರ ಆಗಸ್ಟಿನ ಭೂಕುಸಿತದ ನಂತರ ಜಿಲ್ಲೆ ಚೇತರಿಸಿಕೊಳ್ಳಬೇಕಾಗಿದ್ದ ಕಾಲವೂ, ಕೋವಿಡ್ ಬಂದೆರಗಿದ ಕಾಲವೂ ಅದೇ. ಅಹವಾಲು ಹೇಳಿಕೊಳ್ಳಲು ವರ್ತಕನಿಗೆ ಪ್ರತಿನಿಧಿ ಅತ್ಯಗತ್ಯವಾಗಿದ್ದ ದಿನಗಳಲ್ಲೇ ಆ ಸ್ಥಾನ ಬರಿದಾಗಿತ್ತು ಅಥವಾ ಅಧಿಕಾರವಿಲ್ಲದೆ ಕುಳಿತಿತ್ತು. ಹೀಗೆ ತಡವಾಗಿ ದೊರೆಯುವ ಪ್ರಾತಿನಿಧ್ಯವು ಮೌನವಾಗಿಯೂ ಇದ್ದರೆ ಫಲವೇನು?

ಕಾನೂನಿನ ಸ್ಥಿತಿಯೂ ಗಮನಾರ್ಹ. 74ನೇ ತಿದ್ದುಪಡಿಯ ಮೂಲಕ ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರದಷ್ಟಿತ್ತು. ಆದ್ದರಿಂದ ಆ ಕಡ್ಡಾಯ ನಮಗೆ ಅನ್ವಯಿಸದು. ಇತ್ತ ಗ್ರಾಮ ಪಂಚಾಯಿತಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ವಾರ್ಡು ಸಭೆ, ಗ್ರಾಮ ಸಭೆಗಳು ನಡೆಯಲೇಬೇಕು. ಸುಂಟಿಕೊಪ್ಪದ ಅಂಗಡಿಯವರಿಗೆ ಎದ್ದು ನಿಂತು ಪ್ರಶ್ನಿಸಲು ಒಂದು ಸಭೆಯಿದೆ. ಜಿಲ್ಲಾ ಕೇಂದ್ರದ ಮಹದೇವಪೇಟೆಯ ವರ್ತಕರಿಗೆ ಸಂವಿಧಾನವೇ ಖಾತರಿಪಡಿಸಿದ ಅಂತಹ ಸಭೆಯಿಲ್ಲ!

ಇನ್ನೊಂದು ತೊಡಕು ವರ್ತಕರಿಗೇ ವಿಶಿಷ್ಟವಾದುದು. ಮತವಿರುವುದು ಮನೆಯಿರುವ ವಾರ್ಡಿನಲ್ಲಿ. ತೆರಿಗೆ, ಶುಲ್ಕಗಳನ್ನು ತೆರುವುದು ಅಂಗಡಿಯಿರುವ ವಾರ್ಡಿನಲ್ಲಿ. ಮನೆ ಪಟ್ಟಣದ ಹೊರಗಿನ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರಂತೂ ನಗರಸಭೆಯ ಚುನಾವಣೆಯಲ್ಲಿ ಆತನಿಗೆ ಮತವೇ ಇಲ್ಲ. ಮತ ಕೇಳಲು ಬರಬೇಕಾದ ಪ್ರಮೇಯವಿಲ್ಲದ ಪೇಟೆಬೀದಿಗೆ ಲೆಕ್ಕ ಒಪ್ಪಿಸುವ ಒತ್ತಡವೂ ಸದಸ್ಯರ ಮೇಲೆ ಕಡಿಮೆಯೇ. ಆ ಕೊರತೆಯನ್ನು ಲಿಖಿತ ವರದಿಯೊಂದು ಸ್ವಲ್ಪಮಟ್ಟಿಗಾದರೂ ತುಂಬಬಲ್ಲದು.

ವರದಿ ದೀರ್ಘವಾಗಿರಬೇಕಿಲ್ಲ, ಒಂದು ಪುಟ ಸಾಕು. ಆ ತಿಂಗಳ ಸಾಮಾನ್ಯ ಸಭೆಯ ನಿರ್ಣಯಗಳಲ್ಲಿ ವಾರ್ಡಿಗೆ ಸಂಬಂಧಿಸಿದವು ಯಾವುವು? ಮಂಜೂರಾದ ಕಾಮಗಾರಿ, ಅದರ ಮೊತ್ತ, ಗುತ್ತಿಗೆದಾರರು ಹಾಗೂ ಮುಗಿಯಬೇಕಾದ ದಿನಾಂಕಗಳೇನು? ಯಾವ ರಸ್ತೆಯನ್ನು ಎಂದು ಅಗೆಯಲಾಗುವುದು? ಯಾವ ಶುಲ್ಕ ಪರಿಷ್ಕರಣೆಯ ಪ್ರಸ್ತಾವವಿದೆ? ಇಷ್ಟು ತಿಳಿದರೆ ಸಾಕು. ಮೇ ತಿಂಗಳಲ್ಲಿ ಅಗೆದ ಚರಂಡಿ ಜೂನ್‌ನ ಮಳೆಗೆ ಮೊದಲು ಮುಚ್ಚದಿದ್ದರೆ ಆ ಬೀದಿಯ ವ್ಯಾಪಾರ ಏನಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಮುಂಚಿತವಾಗಿ ತಿಳಿದರೆ ಸರಕು ತರಿಸುವ ದಿನವನ್ನಾದರೂ ಬದಲಿಸಿಕೊಳ್ಳಬಹುದು. ಕಾಮಗಾರಿಯನ್ನೇ ಮುಂದೂಡುವಂತೆ ಕೇಳಿಕೊಳ್ಳಲೂಬಹುದು.

ಇದು ಸದಸ್ಯರ ಔದಾರ್ಯಕ್ಕೆ ಬಿಟ್ಟ ಮಾತೂ ಅಲ್ಲ. ಜನರನ್ನು ಬಾಧಿಸುವ ಮಹತ್ವದ ನೀತಿಗಳನ್ನು ರೂಪಿಸುವಾಗ, ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ ವಿಧಿಸುತ್ತದೆ. ನಗರಸಭೆಗೆ ಇರುವ ಈ ಹೊಣೆಯನ್ನು ವಾರ್ಡಿನ ಮಟ್ಟದಲ್ಲಿ ನೆರವೇರಿಸಲು ಸದಸ್ಯರ ವರದಿ ಸುಲಭ ಸಾಧನ.

ಸದಸ್ಯರಿಗೆ ಹಣಕಾಸಿನ ಸ್ವಾತಂತ್ರ್ಯವಿಲ್ಲ, ಅಧಿಕಾರವೆಲ್ಲ ಪೌರಾಯುಕ್ತರದು, ಅನುದಾನ ಬೆಂಗಳೂರಿನಿಂದ ಬರಬೇಕು ಎಂಬ ಸಮಾಧಾನ ಕೇಳಿಬರಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಕೆಲಸ ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂದು ತಿಳಿಸಲು ಅನುದಾನ ಬೇಕಿಲ್ಲ. ಕಡತ ಯಾವ ಮೇಜಿನ ಮೇಲಿದೆಯೆಂದು ತಿಳಿದರೆ ಒತ್ತಾಯವನ್ನು ಅಲ್ಲಿಯೇ ತರಬಹುದು. ಸದಸ್ಯರ ಕೈ ಬಲಗೊಳ್ಳುವುದೂ ಅದರಿಂದಲೇ.

ವರ್ತಕ ಸಂಘಗಳ ಪಾಲಿನ ಕರ್ತವ್ಯವೂ ಇದೆ. ಆಯವ್ಯಯದ ಪೂರ್ವಭಾವಿ ಸಭೆಗೆ ಲಿಖಿತ ಸಲಹೆಗಳೊಡನೆ ಹಾಜರಾಗಬೇಕು. 2014ರ ಬೀದಿ ವ್ಯಾಪಾರಿಗಳ ಅಧಿನಿಯಮದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಜೊತೆಗೆ ವರ್ತಕ ಸಂಘಗಳ ಪ್ರಾತಿನಿಧ್ಯಕ್ಕೂ ಅವಕಾಶವಿದೆ. ಪಾದಚಾರಿ ಮಾರ್ಗದ ವಿವಾದಗಳನ್ನು ಬೀದಿಯಲ್ಲಿ ಜಗಳವಾಡಿ ಬಗೆಹರಿಸುವ ಬದಲು ಆ ಸಮಿತಿಯಲ್ಲಿ ಕುಳಿತು ಬಗೆಹರಿಸಿಕೊಳ್ಳುವುದು ಉಭಯರಿಗೂ ಕ್ಷೇಮ.

ಪ್ರತಿ ಪೇಟೆಬೀದಿಯ ವರ್ತಕರೂ ತಮ್ಮ ವಾರ್ಡಿನ ಸದಸ್ಯರಿಗೆ ಈ ಒಂದು ಪುಟದ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಲಿ. ಯಾವ ಪಕ್ಷದವರೇ ಆಗಿರಲಿ, ಮೊದಲು ವರದಿ ನೀಡುವ ಸದಸ್ಯರನ್ನು ವರ್ತಕ ಸಮುದಾಯ ಗೌರವದಿಂದ ಕಾಣುವುದು ನಿಶ್ಚಿತ. ಉಳಿದವರು ಅವರನ್ನು ಅನುಸರಿಸುವುದೂ ಅಷ್ಟೇ ಸಹಜ.